ಕಿಡಿಗೆ ಬಿಡಬೇಕಾದ ಎಡೆ

ಮಂಗಳೂರಿನ ಹಳೆಯ ಬಂದರಿನಿಂದ ದೋಣಿಯಲ್ಲಿ ಫಲ್ಗುಣಿಯನ್ನು ದಾಟಿದರೆ ಬೆಂಗ್ರೆ. ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ, ನಡುವೆ ನೀಳವಾದ ಮರಳ ಪಟ್ಟಿ. ಮೊಗವೀರರೂ ಬ್ಯಾರಿಗಳೂ ತಲೆಮಾರುಗಳಿಂದ ಕಡಲನ್ನು ನಂಬಿ ಬಾಳಿದ ನೆಲವಿದು. ಇಲ್ಲಿಯೂ ಎದುರಿನ ಧಕ್ಕೆಯಲ್ಲಿಯೂ ಮೀನು ತುಂಬುವ ಪ್ಲಾಸ್ಟಿಕ್ ಕ್ರೇಟುಗಳ ರಾಶಿಯನ್ನು ತಾವು ಕಂಡಿರಬಹುದು. ಬಿದಿರ ಬುಟ್ಟಿಯ ಸ್ಥಾನವನ್ನು ಆಕ್ರಮಿಸಿದ ಈ ಪೆಟ್ಟಿಗೆಯನ್ನು ಯಾರೂ ಎರಡನೆಯ ಸಲ ದಿಟ್ಟಿಸಿ ನೋಡುವುದಿಲ್ಲ. ನೋಡಿದರೆ, ಅದರ ಮೈಯುದ್ದಕ್ಕೂ ತೆಳುವಾದ ಏಣುಗಳು ಕಾಣುತ್ತವೆ. ಹಗುರಾದ ಪೆಟ್ಟಿಗೆ ಮಂಜುಗಡ್ಡೆ ಮತ್ತು ಮೀನಿನ ಭಾರವನ್ನು ತಾಳಿಕೊಳ್ಳುವುದು ಈ ಏಣುಗಳ ಬಲದಿಂದ.

ಬೆಂಗ್ರೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ ಅಚ್ಚು ತಯಾರಿಕೆಯ ವಿದ್ಯೆಯನ್ನು ಕಲಿಯುತ್ತಿದ್ದಾನೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆಯೊಂದು ನಮ್ಮ ಬೈಕಂಪಾಡಿಯಲ್ಲಿಯೂ ಇರುವುದರಿಂದ, ಈ ಭಾಗದ ಮಕ್ಕಳಿಗೆ ಇದು ಕೈಗೆಟುಕುವ ವಿದ್ಯೆ. ಹುಡುಗ ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡದಲ್ಲಿ. ನನ್ನ ಬಳಿಗೆ ಬಂದದ್ದು ಯಂತ್ರವನ್ನು ಅರಿಯಲಿಕ್ಕಲ್ಲ. ಪಾಠದಲ್ಲಿ ಒಂದೇ ಎಂಬಂತೆ ತೋರುವ ಎರಡು ಇಂಗ್ಲಿಷ್ ಪದಗಳ ಭೇದವನ್ನು ಕೇಳಲಿಕ್ಕೆ. ಎರಡೂ ‘ಚಿಕ್ಕದು ಮಾಡುವ’ ಮಾತುಗಳೇ. ಆದರೆ ಅವುಗಳನ್ನು ಅದಲು ಬದಲು ಮಾಡಿಕೊಂಡರೆ ಬೆಲೆಬಾಳುವ ಉಕ್ಕು ಹಾಳಾಗುತ್ತದೆ. ಕೊರೆದು ಹೋದ ಉಕ್ಕು ಮತ್ತೆ ಬೆಳೆಯುವುದಿಲ್ಲ.

ಮೊದಲು ಕೆಲಸವನ್ನು ತಿಳಿಯೋಣ. ಕ್ರೇಟಿನ ಅಚ್ಚು ಉಕ್ಕಿನದು. ಏಣು ಮೂಡಬೇಕಾದಲ್ಲಿ ಅಚ್ಚಿನೊಳಗೆ ಕಿರಿದಾದ, ಆಳವಾದ ಸೀಳು ಬೇಕು. ತಿರುಗಿ ಕೊರೆಯುವ ಉಳಿ ದುಂಡಗಿನದು. ಅದು ಒಳಮೂಲೆಯನ್ನು ಚೌಕವಾಗಿ ತೆಗೆಯಲಾರದು. ತೆಳ್ಳಗೆ ಮಾಡಿ ಆಳಕ್ಕಿಳಿಸಿದರೆ ಬಾಗುತ್ತದೆ, ಮುರಿಯುತ್ತದೆ. ಅಂತಹ ಕಡೆ ವಿದ್ಯುತ್ತಿನ ಕಿಡಿಯನ್ನು ಬಳಸುತ್ತಾರೆ. ತಾಮ್ರ ಅಥವಾ ಗ್ರಾಫೈಟಿನಿಂದ ಏಣಿನ ಆಕಾರದ್ದೇ ಆದ ಎಲೆಕ್ಟ್ರೋಡನ್ನು ಮಾಡಿ, ಎಣ್ಣೆಯಲ್ಲಿ ಮುಳುಗಿಸಿದ ಉಕ್ಕಿನತ್ತ ಇಳಿಸುತ್ತಾರೆ. (ಪಠ್ಯಪುಸ್ತಕಗಳು ಇದನ್ನು ವಿದ್ಯುದ್ವಾರವೆಂದವು, ಕಾರ್ಖಾನೆಯಲ್ಲಿ ಯಾರೂ ಹಾಗೆನ್ನುವುದಿಲ್ಲ, ನಾನೂ ಹಟ ಹಿಡಿಯುವುದಿಲ್ಲ.) ಎರಡು ಲೋಹಗಳೂ ಒಂದನ್ನೊಂದು ಮುಟ್ಟುವುದಿಲ್ಲ. ನಡುವಿನ ಕೂದಲೆಳೆಯಷ್ಟು ಎಡೆಯಲ್ಲಿ ಕ್ಷಣಕ್ಕೆ ಸಾವಿರಾರು ಕಿಡಿಗಳು ಹಾರುತ್ತವೆ. ಒಂದೊಂದರ ಶಾಖ 8,000 ಡಿಗ್ರಿಯನ್ನು ಮೀರುತ್ತದೆ. ಉಕ್ಕಿನ ಕಣ ಕರಗಿ, ಆವಿಯಾಗಿ, ಎಣ್ಣೆಯಲ್ಲಿ ಕೊಚ್ಚಿಹೋಗುತ್ತದೆ.

ಇದರ ಹುಟ್ಟು ಕುತೂಹಲಕರವಾದುದು. ಮೋಟಾರು ಎಂಜಿನ್ನುಗಳಲ್ಲಿ ಕಿಡಿಯಿಂದಾಗಿ ಸಂಪರ್ಕದ ತುದಿಗಳು ಸವೆದುಹೋಗುವುದನ್ನು ತಡೆಯುವುದು ಹೇಗೆಂದು ಸೋವಿಯೆತ್ ದೇಶದ ಲಾಜರೆಂಕೊ ದಂಪತಿಗಳು ಅಭ್ಯಾಸ ಮಾಡುತ್ತಿದ್ದರು. ತಡೆಯಲಾಗದ ಆ ಸವೆತವನ್ನೇ 1943ರಲ್ಲಿ ಅವರು ಲೋಹ ಕೊರೆಯುವ ಸಾಧನವನ್ನಾಗಿ ಮಾಡಿಕೊಂಡರು.

ಇನ್ನು ಆ ಎರಡು ಪದಗಳು. ಕ್ರೇಟಿನ ಪ್ಲಾಸ್ಟಿಕ್ ಬಿಸಿಯಾಗಿ ಅಚ್ಚನ್ನು ಹೊಕ್ಕು ತಣಿಯುವಾಗ ಕುಗ್ಗುತ್ತದೆ. ಕುಗ್ಗುವಿಕೆ ನೂರಕ್ಕೆ ಎರಡರಷ್ಟು ಎಂದಿಟ್ಟುಕೊಳ್ಳಿ: 600 ಮಿಲಿಮೀಟರ್ ಉದ್ದದ ಪೆಟ್ಟಿಗೆಗೆ ಅಚ್ಚನ್ನು 12 ಮಿಲಿಮೀಟರ್ ಹಿಗ್ಗಿಸಬೇಕು, 3 ಮಿಲಿಮೀಟರ್ ದಪ್ಪದ ಏಣಿಗೆ 0.06 ಮಾತ್ರ. ದೊಡ್ಡದಕ್ಕೆ ದೊಡ್ಡ ಪಾಲು, ಚಿಕ್ಕದಕ್ಕೆ ಚಿಕ್ಕ ಪಾಲು. ಕಿಡಿಯ ನಿಯಮ ಹೀಗಲ್ಲ. ಅದರ ಎಡೆ ಪ್ರತಿ ಮುಖಕ್ಕೆ 0.10 ಮಿಲಿಮೀಟರ್ ಎಂದಾದರೆ, ಮುಖ ಗೇಣುದ್ದವಿರಲಿ, ಅಕ್ಕಿಕಾಳಿನಷ್ಟಿರಲಿ, ಅಷ್ಟೇ ತಿನ್ನುತ್ತದೆ. ಕುಗ್ಗುವುದು ಬೇರೆ, ಸವೆಯುವುದು ಬೇರೆ ಎಂದು ಹುಡುಗನಿಗೆ ಹೇಳಿದೆ. ಬಟ್ಟೆ ಒಗೆದರೆ ಕುಗ್ಗುತ್ತದೆ, ಕತ್ತಿ ಮಸೆದರೆ ಸವೆಯುತ್ತದೆ. ಯಾವ ಮೀನುಗಾರನೂ ಇವೆರಡನ್ನು ಗೊಂದಲ ಮಾಡಿಕೊಳ್ಳಲಾರ.

ಇಂದು ಈ ಲೆಕ್ಕವೆಲ್ಲ ಗಣಕಯಂತ್ರದ ಕ್ಯಾಡ್ ತಂತ್ರಾಂಶದಲ್ಲಿ ನಡೆಯುತ್ತದೆ. ಪರದೆಯ ಮೇಲೆ ಅಚ್ಚಿನ ಘನರೂಪವಿರುತ್ತದೆ. ಸೀಳಿನ ಸುತ್ತ ಒಂದು ಇಟ್ಟಿಗೆಯನ್ನು ಕಲ್ಪಿಸಿ, ಅದರಿಂದ ಉಕ್ಕಿನ ಭಾಗವನ್ನು ಕಳೆದರೆ ಉಳಿಯುವುದೇ ಎಲೆಕ್ಟ್ರೋಡಿನ ಕಚ್ಚಾ ರೂಪ. ಅದನ್ನು ಕೊಂಚ ಮೇಲಕ್ಕೆ ಬೆಳೆಸಿ, ಹಿಡಿಯಲಿಕ್ಕೊಂದು ಪೀಠವನ್ನು ಕೂಡಿಸಿ, ದಿಕ್ಕು ತಪ್ಪದಿರಲೆಂದು ಪೀಠದ ಒಂದು ಮೂಲೆಯನ್ನು ತರಿದಿಡುತ್ತಾರೆ. ಪೀಠ ಅಚ್ಚಿನ ಬೇರೆ ಭಾಗಕ್ಕೆ ತಾಗದೆಂದೂ ನೋಡಿಕೊಳ್ಳಬೇಕು. ಕೊನೆಗೆ ಎಲ್ಲ ಮುಖಗಳನ್ನೂ ಕಿಡಿಯ ಎಡೆಯಷ್ಟು ಒಳಕ್ಕೆ ಸರಿಸುತ್ತಾರೆ. 3.06ರ ಸೀಳಿಗೆ ಎರಡೂ ಬದಿಯ ಎಡೆ ಕಳೆದು 2.86ರ ಎಲೆಕ್ಟ್ರೋಡು. ಇಲ್ಲಿ ಸರಿಸುವ ಬದಲು ಇಡೀ ಆಕೃತಿಯನ್ನು ಶೇಕಡಾವಾರು ಕಿರಿದುಗೊಳಿಸಿದರೆ? 100 ಮಿಲಿಮೀಟರ್ ಉದ್ದಕ್ಕೆ ಬೇಕಾದ 0.2 ಸರಿಯಾಗಿಯೇ ಕಳೆಯುತ್ತದೆ. ಆದರೆ ದಪ್ಪದಲ್ಲಿ ಕಳೆಯುವುದು 0.006 ಮಾತ್ರ. ಕಿಡಿ ತನ್ನ ಪಾಲನ್ನು ಬಿಡುವುದಿಲ್ಲ, ಸೀಳು 3.25ಕ್ಕೆ ಅಗಲವಾಗುತ್ತದೆ. ತಂತ್ರಾಂಶ ಎರಡೂ ಆಜ್ಞೆಗಳನ್ನು ಸಮಾನ ವಿನಯದಿಂದ ಪಾಲಿಸುತ್ತದೆ. ಎಲೆಕ್ಟ್ರೋಡೂ ಸವೆಯುವುದರಿಂದ, ಮೂಲೆಗಳಲ್ಲಂತೂ ಬೇಗ ಸವೆಯುವುದರಿಂದ, ಒರಟು ಕೆಲಸಕ್ಕೊಂದು, ನಯಕ್ಕೊಂದು ಬೇರೆಯಾಗಿ ಮಾಡುವುದು ವಾಡಿಕೆ. ಒರಟಿನದಕ್ಕೆ ಎಡೆ ಹೆಚ್ಚು, ನಯದ್ದಕ್ಕೆ ಕಡಿಮೆ.

ಕನ್ನಡ ಕಲಿಸಿದವನಿಗೆ ಹೆಚ್ಚು ಹಿಡಿಸಿದ ಭಾಗ ಅಕ್ಷರದ್ದು. ಕ್ರೇಟಿನ ಮೇಲೆ ಉಬ್ಬಿದ ಹೆಸರು ಬೇಕಾದರೆ ಅಚ್ಚಿನಲ್ಲಿ ಅದು ತಿರುವುಮುರುವಾಗಿ ಕೊರೆದಿರಬೇಕು. ಆದ್ದರಿಂದ ಎಲೆಕ್ಟ್ರೋಡಿನ ಮೇಲೆ ನೇರವಾಗಿ ಉಬ್ಬಿರುತ್ತದೆ. ಹಳೆಯ ಮುದ್ರಣದಲ್ಲಿ ಇದಕ್ಕಿಂತ ಒಂದು ಮಜಲು ಹೆಚ್ಚು. ಉಳಿಯಚ್ಚು ತಿರುವು, ಮಾತೃಕೆ ನೇರ, ಮೊಳೆ ತಿರುವು, ಕಾಗದದ ಮೇಲೆ ನೇರ. 1894ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾದ ಕಿಟ್ಟೆಲ್ ನಿಘಂಟಿನ ಒಂದೊಂದು ಅಕ್ಷರವೂ ಇಷ್ಟು ಹೊರಳಾಟವನ್ನು ದಾಟಿ ಬಂದದ್ದು.

ದೋಣಿಯೊಂದರ ಹೆಸರು ‘ಧನಲಕ್ಷ್ಮಿ’ ಎಂದಿಟ್ಟುಕೊಳ್ಳೋಣ. ‘ಧ’ಕಾರದ ಕೆಳಗಿನ ಸಣ್ಣ ಗೀರು 0.5 ಮಿಲಿಮೀಟರ್ ಅಗಲವಿದ್ದು, ಎಡೆ ಬದಿಗೆ 0.25 ಆದರೆ, ಎಲೆಕ್ಟ್ರೋಡಿನಲ್ಲಿ ಗೀರಿಗೆ ಉಳಿಯುವುದು ಸೊನ್ನೆ. ಮಹಾಪ್ರಾಣ ಹಾರಿಹೋಗಿ ಕ್ರೇಟಿನ ಮೇಲೆ ‘ದನಲಕ್ಷ್ಮಿ’ ಮೂಡುತ್ತಾಳೆ! ‘ಥ’ಕಾರದ ಹೊಟ್ಟೆಯ ಚುಕ್ಕೆಗೂ ಇದೇ ಗತಿ. ಇಂತಹ ತೊಡಕು ಬಂದಾಗ ‘ಇಂಗ್ಲಿಷಿನ ದೊಡ್ಡಕ್ಷರ ಹಾಕಿಬಿಡಿ, ಅವು ನೆಟ್ಟಗಿವೆ’ ಎನ್ನುವವರು ಉಂಟು. ನನಗೆ ಒಪ್ಪಿಗೆಯಿಲ್ಲ. ಅಕ್ಷರಕ್ಕೆಂದೇ ನಯದ ಎಲೆಕ್ಟ್ರೋಡನ್ನಿಟ್ಟು ಎಡೆಯನ್ನು 0.05ಕ್ಕೆ ಇಳಿಸಿದರೆ ಅದೇ ಗೀರು 0.4 ಆಗಿ ಬದುಕುತ್ತದೆ. ಗೀರನ್ನೇ 0.8ಕ್ಕೆ ಅಗಲಿಸಿ ಬರೆದರೆ ಇನ್ನೂ ಕ್ಷೇಮ. ಆಮೇಲೆ ಪರದೆಯ ಮೇಲೆ ಮೂಲ ಅಕ್ಷರವನ್ನೂ ಸರಿಸಿದ ಅಕ್ಷರವನ್ನೂ ಎರಡು ಬಣ್ಣಗಳಲ್ಲಿ ಒಂದರ ಮೇಲೊಂದಿಟ್ಟು, ಗೀರು, ಚುಕ್ಕೆ, ಸೊನ್ನೆಗಳನ್ನು ಎಣಿಸಿ ನೋಡಬೇಕು. ಎಣಿಕೆ ಸರಿಬಂದ ಮೇಲೆಯೇ ತಾಮ್ರವನ್ನು ಯಂತ್ರಕ್ಕೆ ಕಳುಹಿಸುವುದು.