ಡಿಸ್ಕ್ ಯಾಕೆ ಯಾವಾಗಲೂ ಎಡಕ್ಕೇ ಹೋಗುತ್ತೆ?



ಈ ಸಂಚಿಕೆ ಒಂದು ತಪ್ಪೊಪ್ಪಿಗೆಯಿಂದ ಶುರುವಾಗುತ್ತೆ. ಕೆಲವು ತಿಂಗಳ ಹಿಂದೆ, ಒಂದು ಶನಿವಾರ ಬೆಳಿಗ್ಗೆ, ಮನೆ ಹತ್ತಿರದ ಪಾರ್ಕಿನಲ್ಲಿ ನಾವು ಎಸೆದ ಪ್ಲಾಸ್ಟಿಕ್ ಡಿಸ್ಕ್ ಒಂದು ಗುರಿ ಬಿಟ್ಟು ಎಡಕ್ಕೆ ವಾಲಿತು. ವಾಲಿಕೊಂಡೇ ಹೋಗಿ, ನಡೆಯೋ ದಾರಿಯಲ್ಲಿ ಮೊಮ್ಮಗುವಿನ ಸ್ಟ್ರಾಲರ್ ತಳ್ಳಿಕೊಂಡು ಬರ್ತಿದ್ದ ಒಬ್ಬ ಅಜ್ಜನ ಮುಂದೆ, ಮೂರೇ ಹೆಜ್ಜೆ ದೂರದಲ್ಲಿ ನೆಲಕ್ಕೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ನಾವು ಓಡಿಹೋಗಿ ಕ್ಷಮೆ ಕೇಳಿದೆವು. ಅವರು ಡಿಸ್ಕ್ ಎತ್ತಿ ನಮ್ಮ ಕೈಗೆ ಕೊಟ್ಟು, ಸ್ವಲ್ಪ ನೋಡಿಕೊಂಡು ಎಸೀರಪ್ಪಾ ಅನ್ನೋ ಅರ್ಥದಲ್ಲಿ ಎರಡು ಮಾತು ಹೇಳಿ ಮುಂದೆ ಹೋದರು. ಬೈದಿದ್ದರೇ ವಾಸಿ ಇತ್ತು.

ಮುಂದಿನ ಎರಡು ವಾರ ನಮ್ಮ ಡಿಸ್ಕುಗಳು ಕಾರಿನ ಡಿಕ್ಕಿಯಲ್ಲೇ ಬಿದ್ದಿದ್ದವು. ಈ ಆಟ ಬಿಟ್ಟೇಬಿಡೋಣ ಅಂತ ನಮ್ಮಲ್ಲಿ ಒಬ್ಬರು, ಅರ್ಥ ಮಾಡಿಕೊಂಡು ಆಡೋಣ ಅಂತ ಇನ್ನೊಬ್ಬರು. ವಾದ ಮುಗಿಯದೆ ಇದ್ದಾಗ ನಾವು ಮಾಡೋದು ಒಂದೇ: ಅಡುಗೆಮನೆಯ ತಕ್ಕಡಿ ಹೊರಗೆ ತೆಗೆಯೋದು.

ಡಿಸ್ಕ್ ತೂಗಿತು 175 ಗ್ರಾಂ. ಕ್ರಿಕೆಟ್ ಚೆಂಡು ಎಷ್ಟು ತೂಗುತ್ತೆ ಗೊತ್ತಲ್ಲ, ಸುಮಾರು 160 ಗ್ರಾಂ. ಅಂದರೆ ನಾವು ಆಟಿಕೆ ಅಂದುಕೊಂಡು ಎಸೀತಿದ್ದದ್ದು ಲೆದರ್ ಬಾಲಿಗಿಂತ ಭಾರ. ಹೊಸಬರ ಎಸೆತದ ವೇಗ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್ ಅಂತ ಇಟ್ಟುಕೊಳ್ಳೋಣ. ಶಾಲೆಯಲ್ಲಿ ಕಲಿತ ಸೂತ್ರ ಹಾಕಿದರೆ ಚಲನಶಕ್ತಿ 35 ಜೂಲ್ ಬರುತ್ತೆ. ಒಂದು ಕಿಲೋ ಸಕ್ಕರೆ ಪೊಟ್ಟಣ ಮೂರೂವರೆ ಮೀಟರ್ ಎತ್ತರದಿಂದ ಬಿದ್ದ ಹಾಗೆ. ಆ ಸ್ಟ್ರಾಲರ್ ನೆನಪಾಗಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಗೊತ್ತಿಲ್ಲದವರಿಗೆ ಆಟದ ಪರಿಚಯ ಮಾಡಿಕೊಡ್ತೀವಿ. ಡಿಸ್ಕ್ ಗಾಲ್ಫ್ ಅಂದರೆ ಗಾಲ್ಫೇ, ಆದರೆ ಕೋಲು ಚೆಂಡಿನ ಬದಲು ಡಿಸ್ಕ್, ಗುಳಿಯ ಬದಲು ಕಂಬದ ಮೇಲೆ ಸರಪಳಿ ತೂಗುಬಿಟ್ಟ ಒಂದು ಬುಟ್ಟಿ. ಎಸೀಬೇಕು, ಬಿದ್ದಲ್ಲಿಗೆ ನಡೀಬೇಕು, ಅಲ್ಲಿಂದ ಮತ್ತೆ ಎಸೀಬೇಕು. ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವರು ಗೆದ್ದರು. ಸಾಮಾನ್ಯವಾಗಿ 18 ಬುಟ್ಟಿ. ಅಮೆರಿಕದಲ್ಲಿ ಬಹಳಷ್ಟು ಕೋರ್ಸ್‌ಗಳು ಸಾರ್ವಜನಿಕ ಪಾರ್ಕಿನಲ್ಲಿವೆ, ದುಡ್ಡು ಕೊಡಬೇಕಾಗಿಲ್ಲ. ಒಂದು ಡಿಸ್ಕಿಗೆ ಹತ್ತರಿಂದ ಇಪ್ಪತ್ತು ಡಾಲರ್. ಕ್ರಿಕೆಟ್ಟಿಗೆ ಇಪ್ಪತ್ತೆರಡು ಜನರನ್ನ ಒಟ್ಟು ಹಾಕೋ ಅಷ್ಟರಲ್ಲಿ ವಾರಾಂತ್ಯವೇ ಮುಗಿದಿರುತ್ತೆ. ಇದಕ್ಕೆ ಇಬ್ಬರು ಸಾಕು, ಒಬ್ಬರೇ ಆದರೂ ಸರಿ. ನಾವು ಶುರು ಮಾಡಿದ್ದೂ ಅದಕ್ಕೇ.

ಇದು ಮಾಮೂಲಿ ಫ್ರಿಸ್ಬೀ ಅಲ್ಲ. ಅಲ್ಟಿಮೇಟ್ ಆಟದ ಫ್ರಿಸ್ಬೀ ಕೂಡ 175 ಗ್ರಾಮೇ, ಆದರೆ ಅದರ ಅಗಲ 27 ಸೆಂಟಿಮೀಟರಿಗೂ ಹೆಚ್ಚು. ಗಾಲ್ಫ್ ಡಿಸ್ಕ್ ಸುಮಾರು 21. ಅಷ್ಟೇ ತೂಕ ಚಿಕ್ಕ ಜಾಗದಲ್ಲಿ, ಅದರಲ್ಲೂ ಬಹುಪಾಲು ಅಂಚಿನಲ್ಲಿ. ಆ ಅಂಚು ಗಾಳಿ ಸೀಳೋ ಹಾಗೆ ಚೂಪಾಗಿರುತ್ತೆ. ಹಿಡಿದು ಆಡೋಕೆ ಮಾಡಿದ್ದಲ್ಲ, ದೂರ ಹೋಗೋಕೆ ಮಾಡಿದ್ದು. 2016ರಲ್ಲಿ ಡೇವಿಡ್ ವಿಗಿನ್ಸ್ ಜೂನಿಯರ್ ಅನ್ನೋ ಆಟಗಾರ ನೆವಾಡಾ ಮರುಭೂಮಿಯಲ್ಲಿ, ಗಾಳಿಯ ಸಹಾಯ ತಗೊಂಡು, 338 ಮೀಟರ್ ಎಸೆದಿದ್ದಾರೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಯಾಕೆ ಎಡಕ್ಕೆ?

ಬುಗುರಿ ಆಡಿದ್ದೀರಲ್ಲ? ಸುಮ್ಮನೆ ನಿಲ್ಲಿಸಿದರೆ ಬುಗುರಿ ಧೊಪ್ ಅಂತ ಬೀಳುತ್ತೆ. ಸುತ್ತುತ್ತಿರುವಾಗ ವಾಲಿದರೂ ಬೀಳಲ್ಲ, ಅದರ ತಲೆ ನಿಧಾನಕ್ಕೆ ಒಂದು ವೃತ್ತ ಬರೀತಾ ಹೋಗುತ್ತೆ. ಸುತ್ತುವ ವಸ್ತುವಿನ ಸ್ವಭಾವವೇ ಹಾಗೆ. ನೀವು ಒಂದು ಕಡೆ ಒತ್ತಿದರೆ, ಅದು ಓಗೊಡೋದು ಸುತ್ತಿನ ದಿಕ್ಕಿನಲ್ಲಿ 90 ಡಿಗ್ರಿ ಮುಂದೆ. ಇದಕ್ಕೆ ಪ್ರಿಸೆಷನ್ ಅಂತಾರೆ.

ಬಲಗೈಯವರು ಎದೆಯ ಅಡ್ಡಕ್ಕೆ ಎಳೆದು ಬ್ಯಾಕ್‌ಹ್ಯಾಂಡ್ ಎಸೆದರೆ, ಮೇಲಿಂದ ನೋಡಿದಾಗ ಡಿಸ್ಕ್ ಪ್ರದಕ್ಷಿಣೆಯ ದಿಕ್ಕಿನಲ್ಲಿ, ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತೆ. ಅದು ಮುಂದೆ ಹೋಗ್ತಾ ಗಾಳಿಯನ್ನ ಕೆಳಕ್ಕೆ ತಳ್ಳುತ್ತೆ, ಗಾಳಿ ಅದನ್ನ ಮೇಲಕ್ಕೆ ತಳ್ಳುತ್ತೆ. ಆದರೆ ಈ ಮೇಲೆತ್ತುವ ಬಲ ಡಿಸ್ಕಿನ ಸರಿಯಾದ ನಡುವೆ ಬೀಳಲ್ಲ. ವೇಗ ಕಡಿಮೆಯಾಗಿ ಡಿಸ್ಕ್ ಇಳಿಯೋಕೆ ಶುರುವಾದಾಗ ಅದು ಗಾಳಿಗೆ ಹೆಚ್ಚು ಓರೆಯಾಗಿ ಸಿಗುತ್ತೆ, ಆಗ ಬಲ ನಡುವಿಗಿಂತ ಮುಂದಕ್ಕೆ ಬೀಳುತ್ತೆ. ಅಂದರೆ ಮುಂದಿನ ಅಂಚನ್ನ ಯಾರೋ ಮೇಲಕ್ಕೆ ಎತ್ತಿದ ಹಾಗೆ. ಆದರೆ ಏಳೋದು ಮುಂದಿನ ಅಂಚಲ್ಲ. ಪ್ರದಕ್ಷಿಣೆಯಲ್ಲಿ 90 ಡಿಗ್ರಿ ಮುಂದೆ, ಅಂದರೆ ಬಲಗಡೆ ಅಂಚು ಏಳುತ್ತೆ. ಬಲಗಡೆ ಎದ್ದರೆ ಡಿಸ್ಕ್ ಎಡಕ್ಕೆ ವಾಲಿತು, ಎಡಕ್ಕೆ ಹೋಯಿತು. ಆಟಗಾರರು ಇದನ್ನ ಫೇಡ್ ಅಂತಾರೆ.

ವೇಗ ತುಂಬಾ ಇದ್ದಾಗ ಇದರ ಉಲ್ಟಾ. ಬಲ ನಡುವಿಗಿಂತ ಹಿಂದಕ್ಕೆ ಬೀಳುತ್ತೆ, ಎಡಗಡೆ ಅಂಚು ಏಳುತ್ತೆ, ಡಿಸ್ಕ್ ಸ್ವಲ್ಪ ಬಲಕ್ಕೆ ಸರಿಯುತ್ತೆ. ಇದು ಟರ್ನ್. ನುರಿತವರ ಎಸೆತ ಮೊದಲು ಬಲಕ್ಕೆ, ಕೊನೆಗೆ ಎಡಕ್ಕೆ, ಹಾವಿನ ಹಾಗೆ ಬಳುಕಿ ಹೋಗೋದು ಈ ಕಾರಣಕ್ಕೆ. ಎಡಗೈಯವರಿಗೆ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ಅದಲು ಬದಲು.

ನಮ್ಮ ತಪ್ಪು ಎಲ್ಲಿತ್ತು ಅಂದರೆ ಅಂಗಡಿಯಲ್ಲೇ. ಬಹಳಷ್ಟು ಡಿಸ್ಕುಗಳ ಮೇಲೆ ನಾಲ್ಕು ಅಂಕಿ ಇರುತ್ತೆ: ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ನಾವು ಆರಿಸಿದ್ದು 12, 5, -1, 3. ಸ್ಪೀಡ್ 12 ಇದೆ, ಜೋರಾಗಿ ಹೋಗುತ್ತೆ ಅಂದುಕೊಂಡೆವು. ನಮ್ಮ ಹಾಗೆ ಮಾರ್ಕ್ಸ್ ನೋಡಿ ಬೆಳೆದವರಿಗೆ ದೊಡ್ಡ ಅಂಕಿ ಅಂದರೆ ಒಳ್ಳೇದು ಅಂತಲೇ ಅಲ್ವಾ? ಆದರೆ 12 ಅನ್ನೋದು ಡಿಸ್ಕ್ ನಿಮಗೆ ಕೊಡೋ ವೇಗ ಅಲ್ಲ, ನಿಮ್ಮಿಂದ ಕೇಳೋ ವೇಗ. ಅಷ್ಟು ಜೋರಾಗಿ ಎಸೆಯೋಕೆ ಆಗದವರ ಕೈಯಲ್ಲಿ ಅದು ಹಾರಾಟದ ಮೊದಲ ಭಾಗ ಬಿಟ್ಟು ನೇರ ಕೊನೆಯ ಭಾಗಕ್ಕೇ ಬರುತ್ತೆ. ಬರೀ ಫೇಡ್.

ಒಂದು ಭಾನುವಾರ, ಬೆಳಕು ಹರಿಯೋ ಹೊತ್ತಿಗೆ, ಯಾರೂ ಇಲ್ಲದ ಒಂದು ಬಯಲಿಗೆ ಹೋಗಿ ಪರೀಕ್ಷೆ ಮಾಡಿದೆವು. ಆ ಡ್ರೈವರ್ ಹೆಚ್ಚುಕಮ್ಮಿ ಪ್ರತಿ ಸಲವೂ ಎಡಕ್ಕೆ. ಆಮೇಲೆ 2, 3, 0, 1 ಅಂಕಿಯ ಪಟರ್, ಅಂದರೆ ಹತ್ತಿರದಿಂದ ಬುಟ್ಟಿಗೆ ಹಾಕೋ ಡಿಸ್ಕ್ ಎಸೆದೆವು. ಅದು ನೇರ ಹೋಯಿತು, ಕೊನೆಯಲ್ಲಿ ಒಂಚೂರು ಎಡಕ್ಕೆ ಬಾಗಿ ಕೂತಿತು. ಆಶ್ಚರ್ಯ ಅಂದರೆ ದೂರ ಕೂಡ ಹೆಚ್ಚುಕಮ್ಮಿ ಅಷ್ಟೇ.

ಹಾಗಾಗಿ ಹೊಸದಾಗಿ ಶುರು ಮಾಡೋರಿಗೆ ನಮ್ಮ ಸಲಹೆ: ಎರಡೇ ಡಿಸ್ಕ್ ತಗೊಳ್ಳಿ. ಒಂದು ಪಟರ್, ಇನ್ನೊಂದು ಸ್ಪೀಡ್ 4 ಅಥವಾ 5ರ ಮಿಡ್‌ರೇಂಜ್. ಎಸೆಯುವಾಗ ಡಿಸ್ಕಿನ ಮೂತಿ ಮೇಲಕ್ಕೆ ಎತ್ತಬೇಡಿ, ಎತ್ತಿದರೆ ಬೇಗ ನಿಂತು ಬೇಗ ವಾಲುತ್ತೆ. ಅದು ನೀರು ತುಂಬಿದ ತಟ್ಟೆ, ಚೆಲ್ಲಬಾರದು ಅಂದುಕೊಂಡು ಸಮತಟ್ಟಾಗಿ ಎಳೀರಿ. ಎದುರುಗಾಳಿ ಇದ್ದರೆ ಡಿಸ್ಕಿನ ಪಾಲಿಗೆ ವೇಗ ಹೆಚ್ಚಾದ ಹಾಗೆ, ಬಲಕ್ಕೆ ಸರಿಯಬಹುದು. ಮೊದಲ ತಿಂಗಳು ದೂರದ ಆಸೆ ಬೇಡ, ಭುಜಕ್ಕೂ ಒಳ್ಳೇದು.

ಇಷ್ಟು ತಿಳಿದ ಮೇಲೆ ನಾವು ಈ ಆಟ ಹುಟ್ಟಿದ ಜಾಗ ನೋಡೋಕೆ ಹೋದೆವು. ಲಾಸ್ ಏಂಜಲೀಸ್ ಪಕ್ಕದ ಲಾ ಕನ್ಯಾಡಾ ಫ್ಲಿಂಟ್‌ರಿಡ್ಜ್‌ನ ಓಕ್ ಗ್ರೋವ್. ಜಗತ್ತಿನ ಮೊದಲ ಶಾಶ್ವತ ಡಿಸ್ಕ್ ಗಾಲ್ಫ್ ಕೋರ್ಸನ್ನ 1975ರಲ್ಲಿ ಇಲ್ಲಿ ಮಾಡಿದವರು ಎಡ್ ಹೆಡ್ರಿಕ್. ವ್ಹ್ಯಾಮ್-ಓ ಕಂಪನಿಯಲ್ಲಿದ್ದಾಗ ಫ್ರಿಸ್ಬೀ ಸ್ಥಿರವಾಗಿ ಹಾರೋ ಹಾಗೆ ಅದರ ವಿನ್ಯಾಸ ಸುಧಾರಿಸಿದವರೂ ಅವರೇ. ಮೊದಲು ಗುರಿ ಅಂದರೆ ಬರೀ ಕಂಬ. ತಗುಲಿತು, ತಗುಲಲಿಲ್ಲ ಅಂತ ಜಗಳ ಬರ್ತಿತ್ತು. ಆಮೇಲೆ ಅವರು ಸರಪಳಿಯ ಬುಟ್ಟಿ ಕಂಡುಹಿಡಿದರು. ಸರಪಳಿ ಡಿಸ್ಕಿನ ಶಕ್ತಿಯನ್ನ ಹೀರಿಕೊಂಡು ಬುಟ್ಟಿಗೆ ಬೀಳಿಸುತ್ತೆ, ಝಣ್ ಅನ್ನೋ ಸದ್ದು ತೀರ್ಪು ಹೇಳುತ್ತೆ. 2002ರಲ್ಲಿ ಅವರು ತೀರಿಕೊಂಡಾಗ, ಅವರ ಇಷ್ಟದ ಪ್ರಕಾರವೇ ಚಿತಾಭಸ್ಮವನ್ನ ಡಿಸ್ಕುಗಳಲ್ಲಿ ಬೆರೆಸಿ ಅಚ್ಚು ಹಾಕಿದರು.

ಆ ಕೋರ್ಸಿನ ಪಕ್ಕದಲ್ಲೇ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ. ವಾಯೇಜರ್ ನೌಕೆಗಳು ರೂಪುಗೊಂಡ ಜಾಗ. 1958ರಲ್ಲಿ ಇದೇ ಲ್ಯಾಬ್ ಕಟ್ಟಿದ ಎಕ್ಸ್‌ಪ್ಲೋರರ್ 1, ಅಮೆರಿಕದ ಮೊದಲ ಉಪಗ್ರಹ, ಪೆನ್ಸಿಲಿನ ಹಾಗೆ ಉದ್ದಕ್ಕಿತ್ತು. ತನ್ನ ಉದ್ದದ ಅಕ್ಷದ ಸುತ್ತ ಸುತ್ತುತ್ತಾ ಇರಲಿ ಅಂತ ಬಿಟ್ಟರು. ಆದರೆ ಅದರ ಬಳುಕುವ ಆಂಟೆನಾಗಳಲ್ಲಿ ಶಕ್ತಿ ಸೋರಿ, ಅದು ಅಡ್ಡಕ್ಕೆ ಮಗುಚಿ ಫ್ಯಾನಿನ ರೆಕ್ಕೆಯ ಹಾಗೆ ತಿರುಗತೊಡಗಿತು. ಶಕ್ತಿ ಸೋರುವ ವಸ್ತು ಕೊನೆಗೆ ನೆಲೆ ನಿಲ್ಲೋದು ತೂಕ ಅತಿ ದೂರಕ್ಕೆ ಹರಡಿರೋ ಅಕ್ಷದ ಸುತ್ತಲೇ. ಡಿಸ್ಕ್ ಹುಟ್ಟಿನಿಂದಲೇ ಆ ಅಕ್ಷದ ಸುತ್ತ ಸುತ್ತುತ್ತೆ. ಓಕ್ ಮರದ ನೆರಳಲ್ಲಿ ನಿಂತು ಇದನ್ನ ಮಾತಾಡಿಕೊಳ್ತಾ ಇದ್ದೆವು, ಹಿಂದಿನ ಗುಂಪಿನವರು ಸ್ವಲ್ಪ ಸರೀತೀರಾ ಅಂತ ಕೇಳೋವರೆಗೂ.

ಹಾಗಾದರೆ ವಾದದಲ್ಲಿ ಗೆದ್ದವರು ಯಾರು? ಇಬ್ಬರೂ ಅಂತ ಈಗ ಅನ್ನಿಸುತ್ತೆ. ಪಾರ್ಕ್ ನಮ್ಮೊಬ್ಬರದಲ್ಲ. ಹೊಸಬರ ಕೈ ತಪ್ಪುತ್ತೆ, ಅದನ್ನ ಯಾವ ಸೂತ್ರವೂ ತಡೆಯಲ್ಲ. ಆದರೆ ತಪ್ಪಿದರೆ ಯಾವ ಕಡೆ ಹೋಗುತ್ತೆ ಅನ್ನೋದನ್ನ ಭೌತಶಾಸ್ತ್ರ ಮೊದಲೇ ಹೇಳುತ್ತೆ. ಬಲಗೈಯವರು ಎಸೆಯೋ ಮುಂಚೆ ಬುಟ್ಟಿ ನೋಡಿದರೆ ಸಾಲದು, ಎಡಗಡೆ ನೋಡಬೇಕು. ಅಲ್ಲಿ ದಾರಿ ಇದ್ದರೆ, ದಾರಿಯಲ್ಲಿ ಜನ ಇದ್ದರೆ, ಕಾಯಬೇಕು. ಆ ದಿನ ನಾವು ಬುಟ್ಟಿ ಮಾತ್ರ ನೋಡಿದ್ದೆವು.

ಈಗ ಆ ಪಾರ್ಕಿಗೆ ಹೋದಾಗ ಒಂದು ಪದ್ಧತಿ ಇಟ್ಟುಕೊಂಡಿದ್ದೀವಿ. ನಮ್ಮಲ್ಲಿ ಒಬ್ಬರು ಎಸೀತಾರೆ, ಇನ್ನೊಬ್ಬರು ಮುಂದೆ ಹೋಗಿ ದಾರಿ ತಿರುಗೋ ಕಡೆ, ಮರದ ಮರೆಯಲ್ಲಿ ನಿಂತು ಎರಡೂ ಕಡೆ ನೋಡ್ತಾರೆ. ಯಾರೂ ಇಲ್ಲ ಅಂದರೆ ಕೈ ಎತ್ತುತ್ತಾರೆ. ಕೈ ಏಳದೆ ಡಿಸ್ಕ್ ಏಳಲ್ಲ. ಒಂದು ಸುತ್ತು ಮುಗಿಯೋಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತೆ. ಹಿಡೀಲಿ.

ನೀವು ಇರೋ ಊರಲ್ಲಿ ಈ ಆಟ ಆಡ್ತಿದ್ದರೆ, ನಿಮ್ಮ ಮೊದಲ ಎಸೆತ ಎಲ್ಲಿಗೆ ಹೋಯಿತು ಅಂತ ನಮಗೆ ಬರೆದು ತಿಳಿಸಿ. ಎಡಗೈಯವರು ತಪ್ಪದೆ ಬರೀರಿ, ನಿಮ್ಮದು ಬಲಕ್ಕೆ ಹೋಗಿರಬೇಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿಯವರೆಗೂ ನಮಸ್ಕಾರ.