ಪ್ರತ್ಯಯಸರಣಿಯೂ ಫಲನ ಸಂಯೋಜನೆಯೂ
ಒಂದು ಫಲನದ, ಅಂದರೆ ಫಂಕ್ಷನ್ನಿನ, ಫಲಿತವು ಮತ್ತೊಂದರ ಆದಾನವಾಗುವುದೇ ಸಂಯೋಜನೆ. ಹ್ಯಾಸ್ಕೆಲ್ ಭಾಷೆಯ ಬಿಂದುಚಿಹ್ನೆಯಲ್ಲಿ ಬಲಗಡೆಯ ಫಲನವು ಮೊದಲು ಅನ್ವಯವಾಗುತ್ತದೆ. ಎಫ್ ಶಾರ್ಪ್‌ನ ಪೈಪ್ ಚಿಹ್ನೆಯಲ್ಲಿ ದತ್ತವು ಎಡದಿಂದ ಬಲಕ್ಕೆ ಸಾಗುತ್ತದೆ. ಕನ್ನಡದ ಪ್ರತ್ಯಯಕ್ರಮವು ಎರಡನೆಯದನ್ನು ಹೋಲುತ್ತದೆ: ಗುಬ್ಬಿ, ಗುಬ್ಬಿಯ, ಗುಬ್ಬಿಯವರು, ಗುಬ್ಬಿಯವರಿಗೆ. ಇಲ್ಲಿ ಷಷ್ಠೀ ವಿಭಕ್ತಿ, ‘ಅವರು’, ಚತುರ್ಥೀ ವಿಭಕ್ತಿ ಎಂಬ ಮೂರು ಫಲನಗಳು ಅನುಕ್ರಮವಾಗಿ ಅನ್ವಯವಾಗಿವೆ. ಕ್ರಮ ತಪ್ಪಿದರೆ *ಗುಬ್ಬಿಗೆಯವರು ಎಂಬ ಅಸಾಧುರೂಪ ದೊರೆಯುತ್ತದೆ. ಚತುರ್ಥ್ಯಂತ ಪದವು ‘ಅವರು’ ಎಂಬುದಕ್ಕೆ ಆದಾನವಾಗಲಾರದು.

ಆದರೆ ಈ ಸಂಯೋಜನೆಯು ಬರಿಯ ಅಕ್ಷರಜೋಡಣೆಯಲ್ಲ. ಅದೇ ಷಷ್ಠಿಯು ಗುಬ್ಬಿಯ ಎಂಬಲ್ಲಿ ಯಕಾರಾಗಮವನ್ನೂ, ತುಮಕೂರಿನ, ಕುಣಿಗಲಿನ ಎಂಬಲ್ಲಿ ‘ಇನ್’ ಆಗಮವನ್ನೂ ಪಡೆಯುತ್ತದೆ. ಆದ್ದರಿಂದ ಗಣಕೀಯ ವ್ಯಾಕರಣವು ಪ್ರತ್ಯಯವನ್ನು ಸ್ಥಿರವಾದ ಅಕ್ಷರಸರಣಿಯೆಂದಲ್ಲ, ಪ್ರಕೃತಿಯ ಸ್ವರೂಪವನ್ನು ಪರಿಶೀಲಿಸಿ ರೂಪ ನೀಡುವ ಫಲನವೆಂದು ನಿರೂಪಿಸಬೇಕಾಗುತ್ತದೆ.