ನಿಮಗಿದು ಗೊತ್ತೆ? ಗ್ಯಾಸ್ ಗೀಸರ್‌ನ ಅಪಾಯ ಮೂಗಿಗೆ ತಿಳಿಯದು

ಅಡುಗೆ ಅನಿಲ ಸೋರಿದರೆ ಗೊತ್ತಾಗಲೆಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬುವಾಸನೆಯ ರಾಸಾಯನಿಕ ಬೆರೆಸುತ್ತಾರೆ. ಆದರೆ ಬಚ್ಚಲುಮನೆಯ ಗ್ಯಾಸ್ ಗೀಸರ್‌ಗೆ ಗಾಳಿ ಸಾಲದಾದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆ ಸುತ್ತಿ, ಚಿಲಕ ತೆಗೆಯುವ ಮೊದಲೇ ಪ್ರಜ್ಞೆ ತಪ್ಪಬಹುದು. ಹಾಗಾಗಿ ವಾಸನೆ ಬಂದಾಗ ನೋಡಿಕೊಂಡರಾಯಿತು ಎಂಬ ಲೆಕ್ಕ ಇಲ್ಲಿ ನಡೆಯದು. ಗಮನಿಸಬೇಕಾದದ್ದು ಜ್ವಾಲೆಯನ್ನು: ನೀಲಿ ಹೋಗಿ ಹಳದಿಯಾಗಿದ್ದರೆ ಅನಿಲ ಪೂರ್ತಿ ಉರಿಯುತ್ತಿಲ್ಲ, ಬರ್ನರ್ ಶುಚಿ ಮಾಡಿಸುವವರೆಗೆ ಗೀಸರ್ ಹಚ್ಚಬಾರದು.

ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎನ್ನುವವರಿದ್ದಾರೆ. ಬೇಸಿಗೆಯಲ್ಲಿ ತೆರೆದಿದ್ದ ಕಿಟಕಿ ಚಳಿಗಾಲದಲ್ಲಿ ಮುಚ್ಚುತ್ತದೆ, ಬಿಸಿನೀರಿನ ಸ್ನಾನವೂ ಉದ್ದವಾಗುತ್ತದೆ. ನಿನ್ನೆಯ ಸುರಕ್ಷತೆ ಇಂದಿಗೆ ಸಾಕ್ಷಿಯಲ್ಲ. ಎಕ್ಸಾಸ್ಟ್ ಫ್ಯಾನ್ ಇದೆ ಎಂಬ ವಾದವೂ ಅರ್ಧ ಸತ್ಯ: ಹೊಸ ಗಾಳಿ ಒಳಬರಲು ಕಿಂಡಿಯೇ ಇಲ್ಲದಿದ್ದರೆ ಫ್ಯಾನ್ ಹೊರಹಾಕುವುದಾದರೂ ಎಷ್ಟನ್ನು? ವರ್ಷಕ್ಕೊಮ್ಮೆ ಸರ್ವಿಸ್ ಬೇಕೇಬೇಕು, ಆದರೆ ಅದೂ ಸಾಲದು. ಮುಚ್ಚಿದ ಕೋಣೆಯಲ್ಲಿ ಶುಚಿಯಾದ ಬರ್ನರ್ ಕೂಡ ಆಮ್ಲಜನಕವನ್ನು ಬರಿದು ಮಾಡುತ್ತದೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸಿ ಬಿಸಿನೀರನ್ನಷ್ಟೇ ಪೈಪಿನಲ್ಲಿ ಒಳಗೆ ತನ್ನಿ. ಗ್ಯಾಸ್‌ನ ರಬ್ಬರ್ ಪೈಪನ್ನು 5 ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ.